ಕಂಪ್ಯೂಟರಿನ ಮೂಲೆಯ ತಾರೀಖು

ಹರಪನಹಳ್ಳಿ
ಜನವರಿ 19

ಅಪ್ಪಾಜಿಗೆ ಶರಣು.

ಎದುರಿಗೆ ನಿಂತು ಹೇಳಿದರೆ ನೀವು ಎದ್ದು ಮೆಕ್ಕೆಜೋಳದ ಅಂಗಡಿಗೆ ಹೋಗಿಬಿಡುತ್ತೀರಿ. ಅದಕ್ಕೇ ಇದನ್ನು ಬುತ್ತಿಚೀಲದಲ್ಲಿ ಇಟ್ಟಿದ್ದೇನೆ. ಊಟ ಮುಗಿಸಿಯೇ ಓದಿ. ಪಲ್ಯ ಖಾರವಾಗಿದೆ, ಮೊಸರು ಕೆಳಗಿನ ಡಬ್ಬಿಯಲ್ಲಿದೆ.

ಮೂರು ದಿನದಿಂದ ನನ್ನ ಪಿಎಸ್ಐ ಪರೀಕ್ಷೆಯ ಪಾಠದ ವಿಡಿಯೋ ಒಂದೂ ಓಡುತ್ತಿರಲಿಲ್ಲ. ನೀವು, "ಕಂಪ್ಯೂಟರ್ ಕೆಟ್ಟೈತಿ, ಓದಿದ್ದು ಸಾಕು ಬಿಡವ್ವಾ" ಅಂದಿರಿ. ನಾನು ಬಿಡಲಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದೆ, ವೈರ್ ಬದಲಿಸಿದೆ, ಬ್ರೌಸರ್ ಅಳಿಸಿ ಹೊಸದಾಗಿ ಹಾಕಿದೆ. ಕೊನೆಗೆ ಪರದೆಯ ಮೂಲೆ ನೋಡಿದರೆ, ನಮ್ಮ ಕಂಪ್ಯೂಟರಿನಲ್ಲಿ ಆಗಲೇ ಮೇ 11, ಸೋಮವಾರ! ತಾರೀಖು ಇಷ್ಟು ಮುಂದೆ ಹೋದರೆ ವಿಡಿಯೋ ಸೈಟು ತೆರೆಯುವುದೇ ಇಲ್ಲ.

ಅಜ್ಜಿಯನ್ನು ಕೇಳಿದೆ. "ನಿನ್ನ ಲಗ್ನದ ದಿನ ಸೋಮವಾರ ಬರ್ತೈತೇನಂತ ನಿಮ್ಮಪ್ಪ ಅದರಾಗ ತಾರೀಖು ಮುಂದಕ್ಕ ಮಾಡಿ ನೋಡ್ಯಾನವ್ವಾ. ಹುಡುಗನ ಮನಿಯವರಿಗೂ ಅದನ್ನ ಹೇಳ್ಯಾನ. ನಿನಗ ಹೇಳಬ್ಯಾಡ ಅಂದಾನ" ಎಂದಳು.

ವಾರ ನೋಡಲು ಜಗಲಿಯ ಪಕ್ಕದಲ್ಲೇ ಕ್ಯಾಲೆಂಡರ್ ತೂಗುಹಾಕಿದೆ, ಅಪ್ಪಾಜಿ. ಮದುವೆ ಒಪ್ಪಿಗೆಯೇ ಅಂತ ಕೇಳಲು ನಾನೂ ಮನೆಯಲ್ಲೇ ಇದ್ದೆ.

ಕಂಪ್ಯೂಟರಿನ ತಾರೀಖು ಸರಿಮಾಡಿ ಪಾಸ್‌ವರ್ಡ್ ಹಾಕಿದ್ದೇನೆ. ವಿಡಿಯೋ ಈಗ ಚೆನ್ನಾಗಿ ಓಡುತ್ತಿದೆ. ಹುಡುಗನ ಮನೆಯವರಿಗೆ ಕೊಟ್ಟ ತಾರೀಖನ್ನು ನೀವು ಸರಿಮಾಡಿ. ಸಂಜೆಯೊಳಗೆ ಅವರಿಗೆ ಫೋನ್ ಮಾಡದಿದ್ದರೆ ನಾನೇ ಮಾಡುತ್ತೇನೆ.

ನಂಬರನ್ನು ನಿಮ್ಮ ಅವ್ವನೇ ಬರೆದುಕೊಟ್ಟಿದ್ದಾಳೆ.

ಇಂತಿ ನಿಮ್ಮ ಮಗಳು,
ಶಾಂಭವಿ