ಮೂರನೇ ತಿರುವಿನ ಅರೆಕ್ಷಣ

ಮಾರ್ಚ್ ೯, ಸೋಮವಾರ

ಕಂಪ್ಯೂಟರಿನ ಪ್ರಾಸೆಸರ್ ಬದಲಾಯಿಸುವುದಿಲ್ಲ ಎಂದು ಬೆಳಿಗ್ಗೆಯೇ ಗಟ್ಟಿಯಾಗಿ ತೀರ್ಮಾನಿಸಿದ್ದೆ. "ಒಂಬತ್ತು ವರ್ಷದ ಹಳೇ ಚಿಪ್, ಇನ್ನೆಷ್ಟೂಂತ ಓಡುತ್ತೆ ಪಾಪ?" ಎಂದು ರಿಪೇರಿಯವನು ಕೇಳಿದ್ದು ಸರಿಯೇ. ಕಾರ್ ರೇಸ್ ಆಟದ ಮೂರನೇ ತಿರುವಿನಲ್ಲಿ ಪರದೆ ಅರೆಕ್ಷಣ ನಿಂತುಬಿಡುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಮ್ಮನ ನೋಯುವ ಬೆರಳಿಗೆ ಸುಧಾರಿಸಿಕೊಳ್ಳಲು ಆ ಅರೆಕ್ಷಣ ಬೇಕು. ಕೀಲುನೋವಿನಿಂದ ಹೊಲಿಗೆ ಬಿಟ್ಟ ಮೇಲೆ ಅವಳು ಜಿದ್ದಿಗೆ ಬೀಳುವುದು ಈ ಆಟದಲ್ಲಿ ಮಾತ್ರ. ಸಂಜೆಯಾದರೆ ಇಬ್ಬರೂ ಒಂದೇ ಪರದೆಯ ಮುಂದೆ.

ಇವತ್ತೂ ಅವಳೇ ಗೆದ್ದಳು. "ಮತ್ತೆ ಹ್ಯಾಂಗ್ ಆಯ್ತು," ಎಂದೆ, ಎಂದಿನಂತೆ. ಅವಳು ಕನ್ನಡಕ ಒರೆಸುತ್ತ, "ಹೊಸದು ಹಾಕಿಸಬಾರ್ದೇನೋ?" ಎಂದಳು.

"ನಿನ್ನ ಬೆರಳಿಗೋಸ್ಕರ ಬಿಟ್ಟಿದೀನಮ್ಮ."

"ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋನು ನೀನು. ನನ್ನನ್ನ ಒಂದು ಮಾತು ಕೇಳಿದ್ಯಾ? ಆ ಡಬ್ಬ ನಿಂತಾಗೆಲ್ಲ ನಂಗೂ ತಲೆ ಕೆಡುತ್ತೆ. ಸೋತಾಗ ಹೇಳ್ಕೊಳ್ಳೋಕೆ ನಿಂಗೊಂದು ನೆಪ ಇರ್ಲಿ ಅಂತ ಸುಮ್ನಿದ್ದೆ."

ನಾಳೆಯೇ ಹಾಕಿಸುತ್ತೇನೆ, ಎರಡು ಮಾತಿಲ್ಲ. ಹೊಸ ಚಿಪ್ ಬಂದ ಮೇಲೂ ಮೂರನೇ ತಿರುವಿನಲ್ಲಿ ಅವಳೇ ಮುಂದಾದರೆ ಮಾತ್ರ ನಾನು ಬೇರೆ ನೆಪ ಹುಡುಕಬೇಕು.