ಬಂಡೆಯ ಮೇಲೆ ಅಪ್ಪ ಹೇಳಿದ್ದು

ಕಡಲ ದಂಡೆಯ ವಸತಿಗೃಹ,
ಫೆಬ್ರವರಿ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಸ್ವಲ್ಪವಾದರೂ ಕಡಿಮೆಯಾಯಿತೇ? ಬಟ್ಟೆ ಹಿಂಡುವ ಕೆಲಸವನ್ನಾದರೂ ಭಾವನಿಗೆ ಬಿಡು, ಅವರ ಕೈಗೇನು ಧಾಡಿ? ನಾನೂ ಅಪ್ಪನೂ ಕ್ಷೇಮ. ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಬರೆದುಬಿಟ್ಟೆ. ಫೋನಿನಲ್ಲಿ ಅಪ್ಪನ ಸುದ್ದಿ ಎತ್ತಿದರೆ ನೀನು ಮಾತು ತಿರುಗಿಸುತ್ತೀಯ, ಅದಕ್ಕೇ ಈ ಕಾಗದ.

ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಮೂರು ಕಡೆಯೂ ನೀರು, ನಡುವೆ ನಾಲಿಗೆಯಂತೆ ಚಾಚಿಕೊಂಡ ನೆಲ. ಹೊಲಿಗೆ ಅಂಗಡಿ ಮುಚ್ಚಿದಾಗಿನಿಂದ ಅಪ್ಪ ಗೋಡೆ ನೋಡುತ್ತ ಕೂರುವುದನ್ನು ಸಹಿಸಲಾರದೆ ನಾನೇ ಬಲವಂತವಾಗಿ ಹೊರಡಿಸಿಕೊಂಡು ಬಂದೆ. ಮೊದಲ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ಸುಮ್ಮನೆ ನಿಂತೇ ಇದ್ದರು. ಮಾರನೆಯ ದಿನ ದೀಪಸ್ತಂಭದ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ನೂರು ವರ್ಷ ಹಳೆಯ ಹಾಯಿಯೊಂದನ್ನು ತೂಗುಹಾಕಿದ್ದಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ, ನಮ್ಮ ಅಪ್ಪ ಅಂಚು ಮಗುಚಿ ಹೊಲಿಗೆ ನೋಡಲು ಹೋಗಿ ಕಾವಲುಗಾರನಿಂದ ಬೈಸಿಕೊಂಡರು. "ಇಬ್ರು ಹೊಲಿದಿದ್ದಾರೆ ಕಣೇ, ಒಬ್ಬನದು ಎಡಗೈ" ಎಂದು ದಾರಿಯುದ್ದಕ್ಕೂ ಅದೇ ಮಾತು. ಅಮ್ಮ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಮೀನಿಗೆ ಗಾಳ ಹಾಕಲು ಹೋದೆವು. ನೆಲದ ತುದಿಯಿಂದಾಚೆ ನೀರಿನಲ್ಲಿ ಒಂದು ದೊಡ್ಡ ಬಂಡೆಯಿದೆ. ಸಮುದ್ರ ಇಳಿದಿರುವಾಗ ಸಣ್ಣ ಕಲ್ಲುಗಳ ಮೇಲೆ ಕಾಲಿಟ್ಟು ನಡೆದೇ ಹೋಗಬಹುದು. ಗಾಳ ಕೊಟ್ಟ ದೋಣಿಯಾತ ನನಗೆ ಒತ್ತಿ ಹೇಳಿದ್ದ: "ಹತ್ತೂವರೆಗೆ ಎದ್ದು ಬಂದ್ಬಿಡಿ ಮೇಡಂ. ಆಮೇಲೆ ನೀರೇರತ್ತೆ, ದಾರಿ ಇರಲ್ಲ." ಸರಿಯಾಗಿ ಹತ್ತೂವರೆಗೇ ಅಪ್ಪನ ಗಾಳಕ್ಕೆ ಮೀನು ಬಿತ್ತು, ಅಂಗೈಯಗಲದ್ದು. ಅಪ್ಪ ನಕ್ಕರು ಅಕ್ಕಾ, ಹಲ್ಲು ಕಾಣುವ ಹಾಗೆ ನಕ್ಕರು. "ಇನ್ನೊಂದು ಹಿಡೀಲಾ?" ಎಂದು ಕೇಳಿದರು. ಹೂಂ ಎಂದವಳು ನಾನು. ಕೈಗಡಿಯಾರ ನೋಡಿಕೊಂಡೇ ಹೂಂ ಎಂದೆ.

ತಿರುಗಿ ನೋಡಿದಾಗ ಒಂದು ಕಲ್ಲೂ ಕಾಣಲಿಲ್ಲ. ಮೊಣಕಾಲುದ್ದ ಇದ್ದೀತೆಂದು ಇಳಿದೆ, ಸೊಂಟದವರೆಗೆ ಮುಳುಗಿದೆ. ಅಲೆ ಕಾಲು ಕಿತ್ತು ಎಳೆದುಕೊಂಡಿತು. ಅಪ್ಪ ನನ್ನ ಜಡೆ ಹಿಡಿದು ಮೇಲಕ್ಕೆಳೆಯದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ನೀರಿಗೆ ಬಿದ್ದೀತೆಂದು ಫೋನನ್ನು ಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಕೂಗಿದ್ದೆಲ್ಲ ಗಾಳಿಪಾಲು. ಬಂಡೆಯ ನೆತ್ತಿಯಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತೆವು. ನೀರು ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು. ಪ್ರತಿ ಅಲೆಗೂ ಅಪ್ಪ ಹೆಜ್ಜೆ ತಪ್ಪಿ ನನ್ನ ಮೇಲೆ ವಾಲುತ್ತಿದ್ದರು. ನಾನು ಅಳುತ್ತ, "ಅವ್ನು ಹೇಳಿದ್ದ ಅಪ್ಪಾ, ಗೊತ್ತಿದ್ದೂ ಕೂತೆ. ನಿಮ್ಮನ್ನ ನಾನೇ ಕೊಲ್ತಾ ಇದ್ದೀನಿ" ಎಂದೆ.

"ಹಾಗನ್ಬೇಡ" ಎಂದರು. "ಯಾರಾದ್ರೂ ಬೇಕು ಅಂತ ಮಾಡ್ತಾರೇನೇ? ನಿನ್ನ ತಪ್ಪಲ್ಲ ಮಗಾ, ನಿನ್ನ ತಪ್ಪಲ್ಲ."

ಇನ್ನೊಂದು ಅಲೆ ಹಾದುಹೋದ ಮೇಲೆ ನನ್ನ ಕಿವಿಯ ಹತ್ತಿರ, "ಅವಳಿಗೆ ಇದನ್ನ ಹೇಳ್ಲಿಲ್ಲ ನಾನು" ಎಂದರು.

ಯಾರಿಗೆ ಎಂದು ನಾನು ಕೇಳಲಿಲ್ಲ. ಸ್ಕೂಟರ್ ಜಾರಿ ಅಮ್ಮ ಹೋದ ಸಂಜೆ, ಆಸ್ಪತ್ರೆಯ ವರಾಂಡದಲ್ಲಿ ಮುರಿದ ಕೈ ಹಿಡಿದುಕೊಂಡು ನಿಂತಿದ್ದ ನಿನಗೆ ಅವರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ: "ನೀನು ಓಡಿಸದೆ ಇದ್ದಿದ್ರೆ ಅವಳು ಬದುಕಿರ್ತಿದ್ಲು." ಐದು ವರ್ಷದಿಂದ ನೀನು ಆ ಮನೆಯ ಹೊಸಿಲು ತುಳಿದಿಲ್ಲ, ಅವರು ಬಾ ಎಂದಿಲ್ಲ. ನಡುವೆ ನಾನು ಇಬ್ಬರಿಗೂ ಒಳ್ಳೆಯವಳಾಗಿ ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನದೇ ತಪ್ಪು, ಯಾರೂ ಅಲ್ಲವೆನ್ನುವುದು ಬೇಡ.

ನೀರು ಮೊಣಕಾಲು ದಾಟುವ ಹೊತ್ತಿಗೆ ದೋಣಿ ಬಂತು. ಗಾಳ ವಾಪಸ್ ಬಂದಿಲ್ಲವೆಂದು ದೋಣಿಯಾತ ಹುಡುಕಿಕೊಂಡು ಹೊರಟಿದ್ದನಂತೆ. ಬೈದ ನೋಡು, ಜನ್ಮ ಜಾಲಾಡಿಬಿಟ್ಟ! ಅಪ್ಪ ಕೈ ಮುಗಿದುಕೊಂಡು ಕೇಳಿಸಿಕೊಂಡರು. ಕೋಣೆಗೆ ಬಂದವರು ಊಟವನ್ನೂ ಮಾಡಲಿಲ್ಲ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಇವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಎಲ್ಲಿಗೋ ಹೋಗಿದ್ದಾರೆ. ಚಪ್ಪಲಿ ಇಲ್ಲ, ಛತ್ರಿಯೂ ಇಲ್ಲ. ಇಷ್ಟು ಬರೆಯುವುದರೊಳಗೆ ಹತ್ತು ಸಲ ಬಾಗಿಲಿಗೆ ಹೋಗಿ ನೋಡಿ ಬಂದೆ.

ಭಾವನಿಗೆ ನಮಸ್ಕಾರ. ಚಿಕ್ಕವಳ ಕೆನ್ನೆಯನ್ನು ನನ್ನ ಪರವಾಗಿ ಹಿಂಡು. ಅವಳಿಗೆ ಒಂದು ಬೊಗಸೆ ಕಪ್ಪೆಚಿಪ್ಪು ಆರಿಸಿಟ್ಟಿದ್ದೇನೆ. ನೀವೆಲ್ಲ ಚೆನ್ನಾಗಿರಿ.

ನಿನ್ನ ಬಾಲಂಗೋಚಿ ತಂಗಿ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಬಂದರು. ಬಸ್ ನಿಲ್ದಾಣಕ್ಕೆ ಹೋಗಿದ್ದರಂತೆ. ಇಪ್ಪತ್ತೆರಡಕ್ಕೆ, ಭಾನುವಾರ, ನಿಮ್ಮೂರಿಗೆ ಟಿಕೆಟ್ ತೆಗೆಸಿದ್ದಾರೆ, ಒಂದೇ ಒಂದು. ನಾನು ಜೊತೆಗೆ ಬರಬಾರದಂತೆ. "ನೀನು ಪಕ್ಕದಲ್ಲಿದ್ರೆ ನಿನ್ನ ಬಾಯಲ್ಲೇ ಹೇಳಿಸ್ಬಿಡ್ತೀನಿ" ಎಂದರು. ಬಸ್ಸು ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿಗೆ ತಲುಪುತ್ತದೆ. ಮನೆಯ ಬಾಗಿಲು ತಟ್ಟುವುದಿಲ್ಲವಂತೆ, ನಿಲ್ದಾಣದಲ್ಲೇ ಸಂಜೆಯ ಬಸ್ಸಿನವರೆಗೆ ಕೂತಿರುತ್ತಾರಂತೆ. "ಅವಳಿಗೆ ತಿಳಿಸು. ಬಾ ಅಂತ ಮಾತ್ರ ಬರೀಬೇಡ" ಎಂದರು. ಅದಕ್ಕೇ ಬರೆಯುತ್ತಿಲ್ಲ, ಅಕ್ಕಾ.