ಆರನೆಯ ತಟ್ಟೆಯ ಎಂಜಲು

ವೂಚ್,
ಸೋಮವಾರ, ಜನವರಿ ೪, ೧೯೯೯

ಪರಮಪೂಜ್ಯಳೂ ಪರಮಹೇಡಿಯೂ ಆದ ಅಮ್ಮನ ದಿವ್ಯಸನ್ನಿಧಿಗೆ,

ನಿನ್ನ ಏಕೈಕ ಪುತ್ರ ಕಯೆತಾನ್, ವಯಸ್ಸು ಇಪ್ಪತ್ತು, ಬುದ್ಧಿ ಹನ್ನೊಂದು (ನೀನೇ ಹಾಕಿದ ಲೆಕ್ಕ), ಮಂಡಿಯೂರಿ ಬಿನ್ನವಿಸಿಕೊಳ್ಳುವುದೇನೆಂದರೆ: ನಿನ್ನ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಕೋಪ ಬಂದಿದೆ.

ನಿನ್ನ ಕಾರ್ಡು ಶನಿವಾರ ತಲುಪಿತು. ಮುಂದೆ ನೀನೀಗ ಇರುವ ಸೊಪೊತ್‌ನ ಕಡಲು ಮತ್ತು ಹಂಸಗಳು, ಹಿಂದೆ ವಿಷ. "ನಿನ್ನಪ್ಪ ಕೊನೆಗೂ ನಾಡಿಗೆಲ್ಲ ಕೇಳಿಸೋ ಹಾಗೆ ಟೀವಿಯಲ್ಲಿ ನನ್ನನ್ನು ಆಡಿಕೊಂಡನಂತೆ. ಸಂತೋಷ. ಹೊಸ ಕಾದಂಬರಿ ಹತ್ತನೇ ತಾರೀಖು ಭಾನುವಾರ ಒಲೆ ಸೇರುತ್ತೆ. ಚಳಿ ಜಾಸ್ತಿ, ಸ್ವೆಟರ್ ಹಾಕ್ಕೋ." ಮುನ್ನೂರು ಪುಟ ಸುಡುತ್ತೇನೆ ಅನ್ನುವುದಕ್ಕೂ ಸ್ವೆಟರಿಗೂ ನಡುವೆ ಒಂದು ಸಾಲಿನ ಅಂತರವನ್ನಾದರೂ ಬಿಡಬಾರದಿತ್ತೇ? ಒಂದು ವಿಷಯ ಈಗಲೇ ದಾಖಲಾಗಲಿ. ಅಪ್ಪ ನಿನ್ನನ್ನು ಆಡಿಕೊಳ್ಳಲಿಲ್ಲ. ಅಪರಾಧಿ ನಾನು. ಆದರೆ ಕ್ಷಮೆ ಕೇಳುವುದಕ್ಕೆ ಮುಂಚೆ ನಿನ್ನನ್ನು ಬೈದು ಮುಗಿಸುವ ಹಕ್ಕು ನನಗಿದೆ.

ನವೆಂಬರ್‌ನಲ್ಲಿ ನೀನು ರೇಡಿಯೋದಲ್ಲಿ ಮಾತಾಡಿದೆಯಲ್ಲ, ಆಗ ನಾನು ಬ್ರೋನ್ಯಾ ಅತ್ತೆಯ ಅಡುಗೆಮನೆಯಲ್ಲಿದ್ದೆ. ಅತ್ತೆ ಬೀಟ್‌ರೂಟು ಹೆಚ್ಚುತ್ತಿದ್ದರು. ಪರದೇಶದವರು ನಿಮ್ಮ ಕಾದಂಬರಿಯನ್ನು ಸಿನಿಮಾ ಮಾಡಿದ್ದಾರೆ, ಪುಸ್ತಕದ ಭಯ ತೆರೆಯ ಮೇಲೆ ಬಂದಿದೆಯೇ ಎಂದು ಸಂದರ್ಶನ ಮಾಡುತ್ತಿದ್ದವನು ಮರ್ಯಾದೆಯಿಂದಲೇ ಕೇಳಿದ. ನೀನು ನಕ್ಕೆ. ಆ ನಗು ನನಗೆ ಗೊತ್ತು, ಅಜ್ಜಿಯ ಎದುರು ನಗುತ್ತಿದ್ದದ್ದು ಅದೇ ನಗು. "ಅಯ್ಯೋ, ಸಿನಿಮಾ ಮುಂದೆ ನನ್ನ ಪುಸ್ತಕ ಏನ್ರೀ, ಮಕ್ಕಳಾಟ. ಥಿಯೇಟರಲ್ಲಿ ನಾನೇ ಕಿರುಚಿಬಿಟ್ಟೆ!" ಅಂದೆ. ಅತ್ತೆಯ ಚಾಕು ನಿಂತುಹೋಯಿತು. "ನಿಮ್ಮಮ್ಮನಿಗೆ ಯಾರೋ ಮದ್ದು ಹಾಕಿದಾರೆ ಕಣೋ" ಅಂದರು. ಅದೇ ವಾರ ನೀನು ಪ್ರಕಾಶಕರಿಂದ ಹೊಸ ಕಾದಂಬರಿಯನ್ನು ವಾಪಸು ತರಿಸಿಕೊಂಡೆ. ಮುಖ ತೋರಿಸಿ ಹೆದರಿಸುವ ಕಾಲದಲ್ಲಿ ಮುಖವೇ ಇಲ್ಲದ್ದನ್ನು ಬರೆದು ಏನು ಪ್ರಯೋಜನ ಎಂದು ಅವರಿಗೆ ಪತ್ರ ಹಾಕಿದೆಯಂತೆ.

ಸರಿ, ನಾನೂ ಒಪ್ಪಿಕೊಳ್ಳುತ್ತೇನೆ. ಥಿಯೇಟರಿನಲ್ಲಿ ನಾನೂ ಕಿರುಚಿದೆ. ಆ ಹಲ್ಲುಗಳ ಪ್ರಾಣಿ ಕಿಟಕಿ ಒಡೆದು ಒಳಗೆ ಬಿದ್ದಾಗ ಪಕ್ಕದಲ್ಲಿದ್ದ ಅಪರಿಚಿತ ಮುದುಕನ ಮೊಣಕಾಲನ್ನು ಹಿಡಿದುಕೊಂಡಿದ್ದೆ. ಬಿಡಿಸಿಕೊಳ್ಳಲು ಅವರು ಪಟ್ಟ ಪಾಡು ಬೇರೆ ಕಥೆ. ಆದರೆ ಆಮೇಲೆ ಮನೆಗೆ ಬಂದು, ಎರಡು ತಟ್ಟೆ ಪಿಯೆರೋಗಿ ಕಡುಬು ತಿಂದು, ಗೊರಕೆ ಹೊಡೆದೆ. ಅಮ್ಮ, ಬೆಚ್ಚಿಬೀಳುವುದಕ್ಕೂ ಹೆದರುವುದಕ್ಕೂ ಇರುವ ವ್ಯತ್ಯಾಸವನ್ನು ನಿನಗೆ ನಾನು ಹೇಳಿಕೊಡಬೇಕೇ? ಯಾರಾದರೂ ಹಿಂದಿನಿಂದ ಬಂದು ಕಾಗದದ ಚೀಲ ಒಡೆದರೂ ಬೆಚ್ಚಿಬೀಳುತ್ತೇವೆ. ಚೀಲ ಒಡೆದವನನ್ನು ಯಾರೂ ಕಲಾವಿದ ಅನ್ನುವುದಿಲ್ಲ. ನನ್ನನ್ನಂತೂ ಶಾಲೆಯಲ್ಲಿ ಹಾಗೆ ಕರೆಯಲಿಲ್ಲ, ಮೂರು ದಿನ ಹೊರಗೆ ಹಾಕಿದರು.

ನಿನ್ನ ಪುಸ್ತಕವನ್ನು ನಾನು ಕದ್ದು ಓದಿದಾಗ ನನಗೆ ಹನ್ನೆರಡು ವರ್ಷ. ಅದರಲ್ಲಿ ಏನಿದೆ? ಕ್ರಿಸ್‌ಮಸ್ ಮುನ್ನಾದಿನದ ಊಟ. ಮೇಜುಬಟ್ಟೆಯ ಕೆಳಗೆ ಹುಲ್ಲು, ಮೀನು, ಗಸಗಸೆ ಕೇಕು. ಎಲ್ಲ ಮನೆಗಳಲ್ಲೂ ಇಡುವ ಹಾಗೆ, ಬಂದರೂ ಬರಬಹುದಾದ ಅತಿಥಿಗೆಂದು ಒಂದು ಖಾಲಿ ತಟ್ಟೆ. ಯಾರೂ ಬರುವುದಿಲ್ಲ. ಬಾಗಿಲು ಸಹ ಕಿರುಗುಟ್ಟುವುದಿಲ್ಲ. ಊಟವಾದ ಮೇಲೆ ಮನೆಯ ಹುಡುಗಿ ಪಾತ್ರೆ ತೊಳೆಯುತ್ತಾಳೆ. ಅಷ್ಟೇ. "ಐದು ಜನ ಉಂಡೆವು. ಆರು ತಟ್ಟೆ ತೊಳೆದೆ." ಆ ಎರಡು ವಾಕ್ಯ ಓದಿದ ಮೇಲೆ ಮೂರು ವರ್ಷ ನಾನು ಹಬ್ಬದ ಪಾತ್ರೆ ತೊಳೆಯುವ ಸರದಿಯನ್ನು ತಪ್ಪಿಸಿಕೊಂಡೆ. ಸೋಮಾರಿ ಎಂದು ನೀನು ಬೈದೆ. ಹೆದರಿಕೆ ಎಂದು ಹೇಳಿದ್ದರೆ ಪುಸ್ತಕ ಕದ್ದದ್ದು ಗೊತ್ತಾಗುತ್ತಿತ್ತು, ಸುಮ್ಮನಿದ್ದೆ.

ಸಿನಿಮಾ ಮಾಡಿದ ಆ ಮಹಾನುಭಾವರು ಏನು ಮಾಡಿದರು? ಐದು ಜನರ ಮನೆಯಲ್ಲಿ ಆರನೆಯ ತಟ್ಟೆ ಏಕೆ ಎಂದು ಅವರಿಗೆ ಅರ್ಥವಾಗಲಿಲ್ಲ. ಖಾಲಿ ಬಿಟ್ಟರೆ ಅಸಹ್ಯ ಎಂದು ಅದರ ಮೇಲೆ ಹೂದಾನಿ ಇಟ್ಟರು! ಇಡೀ ಪುಸ್ತಕದ ಮೇಲೆ ಹೂದಾನಿ ಇಟ್ಟರು ಅಮ್ಮ. ನೀನು ಅದನ್ನು ನೋಡಿ ಚಪ್ಪಾಳೆ ತಟ್ಟಿ ಬಂದೆ.

ಇನ್ನು ನನ್ನ ಅಪರಾಧದ ವೃತ್ತಾಂತ. ಟೀವಿಗೆ ಆ ಚಿತ್ರದ ಮಾತುಗಳನ್ನು ನಮ್ಮ ಭಾಷೆಯಲ್ಲಿ ಓದುವ ಕೆಲಸ ಅಪ್ಪನಿಗೇ ಬಂತು. ಬೇರೆ ದೇಶಗಳಲ್ಲಿ ಪ್ರತಿ ಪಾತ್ರಕ್ಕೂ ಒಂದೊಂದು ದನಿ ಕೊಡುತ್ತಾರಂತೆ. ನಮ್ಮಲ್ಲಿ ಹೆಂಗಸಾಗಲಿ, ಮಗುವಾಗಲಿ, ಪಿಶಾಚಿಯಾಗಲಿ, ಎಲ್ಲರ ಮಾತನ್ನೂ ಅಪ್ಪನೊಬ್ಬರೇ ಅದೇ ದನಿಯಲ್ಲಿ ಓದುತ್ತಾರೆ, ರೈಲು ಹತ್ತು ನಿಮಿಷ ತಡ ಎಂದು ಸಾರುವ ದನಿಯಲ್ಲಿ. ನಟಿಸಬಾರದು, ಪ್ರಶ್ನೆ ಕೇಳಬಾರದು, ಹಾಳೆಯಲ್ಲಿ ಇದ್ದದ್ದನ್ನು ಓದಬೇಕು. ಅದೇ ಅವರ ವೃತ್ತಿಧರ್ಮ. ಐದು ನಿಮಿಷವಾದರೆ ನೋಡುವವರಿಗೆ ಅಲ್ಲೊಬ್ಬ ಮನುಷ್ಯ ಓದುತ್ತಿದ್ದಾನೆ ಎನ್ನುವುದೇ ಮರೆತುಹೋಗುತ್ತದೆ. ಅನುವಾದಕರು ಗೀಚಿಕೊಟ್ಟದ್ದನ್ನು ಟೈಪು ಮಾಡಿ ಅಪ್ಪನ ಮುಂದೆ ಇಡುವವನು ಯಾರು? ನಿನ್ನ ಸುಪುತ್ರ.

ಚಿತ್ರದಲ್ಲಿ ಒಂದೇ ಒಂದು ದೃಶ್ಯ ಅವರ ಕೈ ತಪ್ಪಿ ಚೆನ್ನಾಗಿ ಬಂದಿದೆ. ಹುಡುಗಿ ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ನೀರಿನ ಸದ್ದು ಮಾತ್ರ. ನಾನು ಆ ಜಾಗದಲ್ಲಿ, ಎಲ್ಲ ಸಾಲುಗಳ ಹಾಗೆ ಸಮಯ ನಮೂದಿಸಿ, ನಿನ್ನ ಎರಡು ವಾಕ್ಯಗಳನ್ನು ಸೇರಿಸಿಬಿಟ್ಟೆ. ನೆನಪಿನಿಂದಲೇ ಟೈಪು ಮಾಡಿದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಚಿತ್ರದ ಕೆನ್ನೆಗೆ ಒಂದು ಏಟು. ಅಪ್ಪ ಓದುತ್ತಾರೆ, ಏಕೆಂದರೆ ಅವರು ಹಾಳೆಯನ್ನು ಓದುವವರು. ಧ್ವನಿ ಮುದ್ರಣದ ದಿನ ನಾನು ಹೆದರಿ ಹಲ್ಲುನೋವು ಎಂದು ಮನೆಯಲ್ಲೇ ಉಳಿದೆ.

ಕ್ರಿಸ್‌ಮಸ್‌ನ ಎರಡನೆಯ ದಿನ ಸಂಜೆ ಚಿತ್ರ ಬಂತು. ಅತ್ತೆಯ ಮನೆಯಲ್ಲಿ ನಾವು ಒಂಬತ್ತು ಜನ, ಉಳಿದ ಮೀನು ಮುಗಿಸುತ್ತಾ ಕೂತಿದ್ದೆವು. ಹಲ್ಲಿನ ಪ್ರಾಣಿ ಬಂದಾಗಲೆಲ್ಲ ಹೋ ಎಂದು ನಗು. ಅತ್ತೆಯಂತೂ "ಪಾಪ, ಅದರ ಹಲ್ಲಿಗೆ ಒಂದು ಬ್ರಶ್ಶಾದ್ರೂ ಕೊಡ್ರೋ" ಅನ್ನುತ್ತಿದ್ದರು. ಆಮೇಲೆ ಆ ಹುಡುಗಿ ನಲ್ಲಿ ತಿರುಗಿಸಿದಳು. ನೀರು ಬಿದ್ದಿತು. ಯಾರ ತುಟಿಯೂ ಅಲುಗಲಿಲ್ಲ. ಯಾರದೂ ಅಲ್ಲದ ಒಂದು ದನಿ ಸಮಾಧಾನವಾಗಿ ಹೇಳಿತು: ಐದು ಜನ ಉಂಡೆವು. ಆರು ತಟ್ಟೆ ತೊಳೆದೆ.

ಅಮ್ಮ, ಬರೆದಿಟ್ಟವನು ನಾನೇ. ಆದರೂ ನನ್ನ ಮುಂದಿದ್ದ ಮೀನಿನ ತಟ್ಟೆಯನ್ನು ಆಚೆ ತಳ್ಳಿದೆ.

ಯಾರೂ ಕಿರುಚಲಿಲ್ಲ. ಯಾರೂ ಯಾರ ಮೊಣಕಾಲನ್ನೂ ಹಿಡಿಯಲಿಲ್ಲ. ನಾಡಿನ ಅರ್ಧ ಮನೆಗಳಲ್ಲಿ ಎರಡು ದಿನದ ಹಿಂದೆ ಆ ತಟ್ಟೆ ಇಟ್ಟಿದ್ದರಲ್ಲ, ಅದನ್ನು ಎತ್ತಿಟ್ಟವರು ಯಾರು, ತೊಳೆದು ಎತ್ತಿಟ್ಟರೋ ಹಾಗೇ ಎತ್ತಿಟ್ಟರೋ ಎಂದು ಎಲ್ಲರೂ ಒಳಗೊಳಗೇ ನೆನಪಿಸಿಕೊಳ್ಳುತ್ತಿದ್ದರು. ಅತ್ತೆ ಎದ್ದು ಕಪಾಟು ತೆರೆದರು. ಒಂದು ತಟ್ಟೆ ತೆಗೆದು ದೀಪಕ್ಕೆ ಹಿಡಿದು ನೋಡಿದರು, ಆಮೇಲೆ ಮೂಸಿದರು. "ಇದನ್ನ ತೊಳೆದೋರು ಯಾರು?" ಅಂದರು. ಮತ್ತೆ ಆ ಹಲ್ಲಿನ ಪ್ರಾಣಿ ಬಂದಾಗ ನಗುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ. ನಿನ್ನ ಎರಡು ವಾಕ್ಯ ಅವರ ಒಂದೂವರೆ ಗಂಟೆಯನ್ನು ನುಂಗಿ ಹಾಕಿದವು. ಅದನ್ನು ನೀನು ನೋಡಲಿಲ್ಲ. ಮನೆಯಲ್ಲಿ ಟೀವಿ ಇಟ್ಟುಕೊಳ್ಳದ ಮಹಾತ್ಯಾಗಿ, ಯಾರೋ ಪಕ್ಕದ ಮನೆಯವಳ ಬಾಯಿಂದ ಕೇಳಿ, "ಆಡಿಕೊಂಡ" ಅಂತ ಕಾರ್ಡು ಹಾಕಿದೆ.

ವಾಹಿನಿಗೆ ನಲವತ್ತೇಳು ಫೋನು ಬಂದವಂತೆ. ಚಿತ್ರದವರು ದೂರು ಕೊಟ್ಟರು. ಸ್ಟುಡಿಯೋ ಮುಖ್ಯಸ್ಥೆ ಓಟಿಲಿಯಾ ಮೇಡಂ ಅಪ್ಪನನ್ನು ಕರೆಸಿದರು. ನಾನು ಗುರುವಾರ ಬೆಳಿಗ್ಗೆ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಅಜ್ಜನ ಕಪ್ಪು ಕೋಟು ತೊಟ್ಟು, ಗಲ್ಲಿಗೇರುವವನ ಗಾಂಭೀರ್ಯದಿಂದ ಅವರ ಮೇಜಿನ ಮುಂದೆ ನಿಂತೆ. ಮೇಡಂ, ತಪ್ಪು ನನ್ನದು ಅಂದೆ. ಅವರು ತಲೆ ಸಹ ಎತ್ತಲಿಲ್ಲ. "ಹೋಗೋ. ನಿಮ್ಮಪ್ಪ ಆಗ್ಲೇ ಒಪ್ಕೊಂಡಾಯ್ತು, ತಾನೇ ಸೇರಿಸಿ ಓದಿದೆ ಅಂತ. ಮನೆಗೊಬ್ಬ ಕಳ್ಳ ಸಾಕು" ಅಂದರು. ನಾನು ಬೇಡಿಕೊಂಡೆ, ವಾದಿಸಿದೆ, ಅಲ್ಲೇ ಟೈಪು ಮಾಡಿ ತೋರಿಸುತ್ತೇನೆ ಎಂದೂ ಹೇಳಿದೆ. ಕೋಟು ಚೆನ್ನಾಗಿದೆ ಅಂದರು, ಅಷ್ಟೇ.

ಮೂವತ್ತು ವರ್ಷ ಒಂದು ಅಕ್ಷರ ತಪ್ಪದೆ ಓದಿದ ಮನುಷ್ಯನಿಗೆ ಆರು ತಿಂಗಳು ಸಿನಿಮಾ ಇಲ್ಲ. ಬರೀ ಪ್ರಾಣಿಗಳ ಚಿತ್ರ. ಇವತ್ತು ಮೊದಲನೆಯದು, ನೀರುನಾಯಿಗಳ ಬಗ್ಗೆ. ಮನೆಗೆ ಬಂದ ಅಪ್ಪನ ಮೇಲೆ ಹಾರಿ ಬಿದ್ದೆ: ನನ್ನ ತಪ್ಪನ್ನು ನೀವೇಕೆ ಹೊತ್ತಿರಿ, ಕೇಳಿದವರು ಯಾರು ನಿಮ್ಮನ್ನು? ಅಪ್ಪ ಟೋಪಿ ತೆಗೆದು, ಹಿಮ ಕೊಡವಿ, "ನೀರುನಾಯಿಗಳು ಮಾತಾಡಲ್ಲ ಕಣೋ. ಗಂಟಲಿಗೆ ವಿಶ್ರಾಂತಿ. ಚಹಾ ಇಡು" ಅಂದರು. ಇಂಥವರ ಜೊತೆ ಜಗಳವಾಡುವುದು ಹೇಗೆ? ನೀನು ಹದಿನೇಳು ವರ್ಷ ಹೇಗೆ ಆಡಿದೆ?

ಆದ್ದರಿಂದ ಉಳಿದ ಕೋಪವೆಲ್ಲ ನಿನಗೇ ಮೀಸಲು. ನಿನ್ನ ಪುಸ್ತಕ ಮಕ್ಕಳಾಟವಾಗಿದ್ದರೆ ಅತ್ತೆ ತಟ್ಟೆ ಮೂಸುತ್ತಿರಲಿಲ್ಲ. ಸಿನಿಮಾ ಗೆದ್ದಿತು ಎನ್ನುವುದು ಸುಳ್ಳು, ಮತ್ತು ಅದು ಸುಳ್ಳು ಎಂದು ನಿನಗೂ ಗೊತ್ತು. ಹೊಸದನ್ನು ಅಚ್ಚಿಗೆ ಕೊಡಲು ನಿನಗೆ ಭಯ. ಅದನ್ನು ಬಚ್ಚಿಡಲು ಆ ಹಲ್ಲಿನ ಪ್ರಾಣಿಯ ಹಿಂದೆ ನಿಂತಿದ್ದೀಯ. ಮುಖವಿಲ್ಲದ್ದನ್ನು ಬರೆಯಬಲ್ಲವರು ಮುಖ ತೋರಿಸುವವರಿಗೆ ಶರಣಾದರೆ, ನಮ್ಮಂಥವರು ಯಾರಿಗೆ ಹೆದರಿ ಬದುಕಬೇಕು? ಭಾನುವಾರದೊಳಗೆ ಆ ಮುನ್ನೂರು ಪುಟ ಪ್ರಕಾಶಕರಿಗೆ ತಲುಪಬೇಕು. ಇಲ್ಲವಾದರೆ ಶನಿವಾರವೇ ರೈಲು ಹತ್ತಿ ಬಂದು ನಿನ್ನ ಒಲೆಯ ಬಾಯಿಗೆ ಅಡ್ಡ ಕೂರುತ್ತೇನೆ. ತಮಾಷೆ ಮಾಡುತ್ತಿಲ್ಲ. ಇದೊಂದು ಸಲ ಮಾಡುತ್ತಿಲ್ಲ.

ಕ್ಷಮೆ ಕೇಳುತ್ತೇನೆ ಎಂದಿದ್ದೆನಲ್ಲ. ಕೇಳಿದ್ದೇನೆ ಎಂದು ತಿಳಿದುಕೋ.

ನಿನ್ನ ಮೇಲೆ ಇನ್ನೂ ಉರಿಯುತ್ತಿರುವ, ಸ್ವೆಟರ್ ಹಾಕಿಕೊಂಡಿರುವ,
ಕಯೆತಾನ್

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಈಗ ಹರಿದು ಬರೆಯುತ್ತಿದ್ದೇನೆ. ಮಧ್ಯಾಹ್ನ ಸ್ಟುಡಿಯೋಗೆ ಹೋಗಿ ಅಪ್ಪನ ಖಾನೆ ಖಾಲಿ ಮಾಡಿದೆ. ಆ ಚಿತ್ರದ ಹಾಳೆ ಅಲ್ಲಿತ್ತು. ನಾನು ಸೇರಿಸಿದ ಸಾಲುಗಳ ಮೇಲೆ ನೀಲಿ ಪೆನ್ಸಿಲಿನಲ್ಲಿ "ನಿಧಾನ. ಉಸಿರು ಕೇಳಿಸಬಾರದು" ಎಂದಿದೆ. ಪಕ್ಕದಲ್ಲಿ, ಅಂಚಿನಲ್ಲಿ: "ಅವಳ ಪುಟ ೧೪೩." ಅತ್ತೆಯ ಪ್ರತಿಯಲ್ಲಿ ತೆರೆದು ನೋಡಿದೆ. ನೂರ ನಲವತ್ಮೂರೇ. "ಸೆವೆರಿನ್ ನನ್ನ ಪುಸ್ತಕವನ್ನು ಒಂದು ಸಲವೂ ಬಿಡಿಸಿ ನೋಡಲಿಲ್ಲ" ಎಂದು ಅಪ್ಪನನ್ನು ದೂರಿ ಈ ಮನೆ ಬಿಟ್ಟು ಹೋದವಳು ನೀನು. ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಕೈಬರಹ ಯಾರದೆಂದು ನಾನು ಹೇಳಬೇಕಾಗಿಲ್ಲ.